ಗ್ರ್ಯಾಂಡ್ ಎಂದವರ ಬಳಿ ನಿಲ್ಲುವ ಮಲಿಕಾ

ಡಬ್ಲಿನ್‌ನಿಂದ ಪಶ್ಚಿಮಕ್ಕಿರುವ ಅತ್ಲೋನ್ ಊರಿನಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾನನ್ ಹೊಳೆಯ ಮಂಜು ಕಚೇರಿ ಕಟ್ಟಡದ ಅಂಗಳದವರೆಗೂ ಬಂದಿದೆ. ಮಲಿಕಾ ಬೀಗದ ಕೈಗೊಂಚಲು ಹಿಡಿದು ತುರ್ತು ಬಾಗಿಲುಗಳನ್ನು ಒಂದೊಂದಾಗಿ ತಳ್ಳಿ ನೋಡುತ್ತಾರೆ. ಮೇಲಿನ ಮಹಡಿಯ ಬಾಗಿಲಿಗೆ ಯಾರೋ ಕುರ್ಚಿ ಅಡ್ಡ ಇಟ್ಟಿದ್ದಾರೆ.

"ಸಾಫ್ಟ್‌ವೇರ್‌ನೋರು. ಬೆಂಕಿ ಬಿದ್ರೂ ಮೀಟಿಂಗ್ ಮುಗಿಸ್ಕೊಂಡೇ ಓಡ್ತಾರೇನೋ," ಎಂದು ಕುರ್ಚಿ ಎತ್ತಿಡುತ್ತಾರೆ.

ರಾಮನಗರದ ಮಲಿಕಾ ಈ ಕಟ್ಟಡದ ಸೆಕ್ಯುರಿಟಿ ಗಾರ್ಡ್. ಬುಧವಾರ ಮಧ್ಯಾಹ್ನ ಅದೇ ಸಮವಸ್ತ್ರದಲ್ಲಿ ಸಮೀಪದ ಪ್ರೌಢಶಾಲೆಗೆ ಹೋಗುತ್ತಾರೆ. ಇಲ್ಲಿ ನಾಲ್ಕನೆಯ ವರ್ಷದ ಮಕ್ಕಳಿಗೆ ದೊಡ್ಡ ಪರೀಕ್ಷೆಯಿಲ್ಲ. ಮುಂದೆ ಯಾವ ಕೆಲಸ ಹಿಡಿಯಬಹುದೆಂದು ನೋಡಿ ಕಲಿಯುವ ವರ್ಷ ಅದು. ಕಾನೂನು ಮತ್ತು ಜನರಕ್ಷಣೆಯ ತರಗತಿಗೆ ವಕೀಲರು ಬರುತ್ತಾರೆ, ಗಾರ್ಡಾ ಎಂದು ಕರೆಯುವ ಪೊಲೀಸರು ಬರುತ್ತಾರೆ. ಅವರೆಲ್ಲ ಮಾತಾಡಿ ಹೋದ ಮೇಲೆ ಮಲಿಕಾ ನೆಲದ ಮೇಲೆ ಬೀಳುತ್ತಾರೆ.

ಬೀಳುವುದೇ ಅವರ ಪಾಠ. ಒಬ್ಬ ಹುಡುಗ ಬಗ್ಗಿ, ಚೆನ್ನಾಗಿದ್ದೀರಾ ಎಂದು ಕೇಳುತ್ತಾನೆ. "ಗ್ರ್ಯಾಂಡ್," ಎನ್ನುತ್ತಾರೆ ಮಲಿಕಾ. ಚೆನ್ನಾಗಿದ್ದೇನೆ, ತೊಂದರೆಯಿಲ್ಲ, ಬೇಡ ಬಿಡಿ, ಎಲ್ಲಕ್ಕೂ ಇಲ್ಲಿ ಅದೇ ಮಾತು. ಹುಡುಗ ಸಮಾಧಾನದಿಂದ ಹೊರಡುತ್ತಾನೆ.

"ಹೋದೆ ಕಣಪ್ಪ. ನಿನ್ನಿಂದ ಸತ್ತೇ ಹೋದೆ," ಎಂದು ಕನ್ನಡದಲ್ಲೇ ಹೇಳಿ ಮಲಿಕಾ ಕಣ್ಣು ಮುಚ್ಚುತ್ತಾರೆ. ತರಗತಿಯ ಒಬ್ಬಳೇ ಕನ್ನಡದ ಹುಡುಗಿ ಧನುಶ್ರೀ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾಳೆ. ಮಕ್ಕಳೆಲ್ಲ ನಗುತ್ತಾರೆ.

ಈ ಪಾಠ ಹುಟ್ಟಿದ್ದು ಒಂದು ತಪ್ಪು ತಿಳಿವಳಿಕೆಯಿಂದ. ಮಲಿಕಾ ಕೆಲಸಕ್ಕೆ ಸೇರಿದ ಹೊಸದರಲ್ಲಿ ಜೊತೆಗಾರರೊಬ್ಬರು ಮೆಟ್ಟಿಲ ಮೇಲೆ ಬೆವರುತ್ತ ಕುಳಿತಿದ್ದರು. ಕೇಳಿದವರಿಗೆ ಗ್ರ್ಯಾಂಡ್ ಎಂದರು; ಉಳಿದವರು ದಾಟಿ ಹೋದರು.

"ನನಗೆ ಗ್ರ್ಯಾಂಡ್ ಅಂದ್ರೆ ಮದುವೆ, ಸೀರಿಯಲ್ ಸೆಟ್ಟು, ಬಿರಿಯಾನಿ. ಮೆಟ್ಟಿಲ ಮೇಲೆ ಕೂತು ಬೆವರೋದ್ರಲ್ಲಿ ಏನ್ ಗ್ರ್ಯಾಂಡ್ ಐತೆ? ನಮ್ಮ ಅಬ್ಬಾಗೆ ಲಕ್ವ ಹೊಡೆದಾಗ ಡಾಕ್ಟ್ರು ಮಾಡಿಸಿದ್ದು ನೆನಪಾಯ್ತು. ಎರಡೂ ಕೈ ಎತ್ತಿ ಅಂದೆ. ಒಂದೇ ಮೇಲೆ ಬಂತು."

ಬೇಗ ಆಂಬ್ಯುಲೆನ್ಸ್ ಕರೆಸಿದ್ದರಿಂದ ಆ ಮನುಷ್ಯ ಉಳಿದರು. ಮಲಿಕಾ ಆಮೇಲೆ ಪ್ರಥಮ ಚಿಕಿತ್ಸೆಯನ್ನು ಕ್ರಮವಾಗಿ ಕಲಿತರು. ಶಾಲೆಯವರು ಕರೆದರು.

ನಮ್ಮ ಭಾಷೆಯಲ್ಲಿಯೂ ಗ್ರ್ಯಾಂಡ್ ಇದೆ. ಅದು "ಏನಿಲ್ಲ". ಕಳೆದ ಚಳಿಗಾಲ ಡಬ್ಲಿನ್ ರೈಲಿನಲ್ಲಿ ನನ್ನ ಪತ್ನಿ ಸಾವಿತ್ರಿ ಅದನ್ನೇ ಹೇಳಿದಳು. ಎದುರಿಗೆ ಕುಳಿತಿದ್ದ ಧನುಶ್ರೀ ನಮ್ಮ ಮೊಮ್ಮಗಳು; ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗು. ಅಂದು ಮಾತ್ರ, "ಅಜ್ಜಿ, ಎರಡು ಕೈ ಮೇಲೆ ಮಾಡು," ಎಂದಳು. ಎಡಗೈ ಏಳಲಿಲ್ಲ. ಮುಂದಿನ ನಿಲ್ದಾಣದಲ್ಲೇ ಇಳಿಸಿ ಆಸ್ಪತ್ರೆಗೆ ಸೇರಿಸಿದೆವು. ಭಗವಂತನು ಆ ಮಗುವಿನ ಬಾಯಿಂದ ನಮಗೆ ಇನ್ನೊಂದು ಯುಗಾದಿಯನ್ನು ಕೊಟ್ಟನು. ಬೇವುಬೆಲ್ಲವನ್ನು ಸಾವಿತ್ರಿಯ ಕೈಯಿಂದಲೇ ತೆಗೆದುಕೊಂಡೆ. ಅವಳು ತೀರಿಹೋದದ್ದು ಆಮೇಲೆ.

ಇಂಥ ತರಗತಿ ಮುಂದಿನ ವರ್ಷ ನಿಲ್ಲುವುದರಲ್ಲಿತ್ತು. ಸೇರುವ ಮಕ್ಕಳು ಕಡಿಮೆ. ತಂದೆತಾಯಿಗಳು ಕೋಡಿಂಗ್ ಕಡೆಗೆ ಕಳಿಸುತ್ತಾರೆ. ಧನುಶ್ರೀಯ ತಂದೆ, ನಮ್ಮ ಅಳಿಯ ಶ್ರೀನಿಧಿ, ಮಲಿಕಾ ಕಾಯುವ ಕಟ್ಟಡದಲ್ಲೇ ಎಂಜಿನಿಯರ್. ವರ್ಷದ ಮೊದಲಲ್ಲಿ ಅವರೂ, "ನನ್ನ ಮಗಳು ಗಾರ್ಡಾ ಆಗೋದು ಬೇಡ," ಎಂದಿದ್ದರು.

"ಗಾರ್ಡ್ ನಾನು ಸಾರ್. ಗಾರ್ಡಾ ಅಂದ್ರೆ ಪೊಲೀಸು. ಒಂದು ದೀರ್ಘಕ್ಕೆ ಎಷ್ಟು ಮರ್ಯಾದೆ ನೋಡಿ," ಎಂದಿದ್ದರಂತೆ ಮಲಿಕಾ.

ನಿನ್ನೆ ಸಂಜೆ ಪೋಷಕರ ಸಭೆಯಲ್ಲಿ ಮೊದಲು ಎದ್ದವರು ಶ್ರೀನಿಧಿಯೇ. ರೈಲಿನ ಸಂಗತಿ ಹೇಳಿ, ಕಿರಿಯ ಮಗಳನ್ನೂ ಇದೇ ತರಗತಿಗೆ ಸೇರಿಸುವುದಾಗಿ ಹೇಳಿದರು. ಇನ್ನೂ ಹಲವರು ಒಪ್ಪಿದರು. ತರಗತಿ ಉಳಿಯಿತು.

"ಮಕ್ಕಳು ಲಾಯರ್ ಆಗ್ಲಿ, ಪೊಲೀಸ್ ಆಗ್ಲಿ, ಕಂಪ್ಯೂಟರೇ ಒತ್ಲಿ. ಗ್ರ್ಯಾಂಡ್ ಅಂದ್ಮೇಲೂ ಒಂದ್ಸಲ ನಿಂತು ನೋಡಿದ್ರೆ ನಂಗೆ ಸಾಕು," ಎನ್ನುತ್ತಾರೆ ಮಲಿಕಾ.

ಅಷ್ಟರಲ್ಲಿ ಶ್ರೀನಿಧಿ ಕೆಲಸಕ್ಕೆ ಬರುತ್ತಾರೆ. ದಿನವೂ ತಲೆಯಾಡಿಸಿ ಒಳಗೆ ಹೋಗುವವರು ಇಂದು ನಿಲ್ಲುತ್ತಾರೆ.

"ಹೇಗಿದೀರಾ ಮಲಿಕಾ ಅವ್ರೇ?"

"ಗ್ರ್ಯಾಂಡ್ ಸಾರ್."

ಅವರು ಕದಲುವುದಿಲ್ಲ. "ಎಲ್ಲಿ, ಎರಡೂ ಕೈ ಎತ್ತಿ."

ಮಲಿಕಾ ಬೀಗದ ಕೈಗೊಂಚಲಿನ ಸಮೇತ ಎರಡೂ ಕೈ ಎತ್ತುತ್ತಾರೆ. ಎರಡೂ ಸಮನಾಗಿ ಮೇಲೇರುತ್ತವೆ.

"ಈಗ ಒಳಗೆ ಹೋಗಿ ಸಾರ್," ಎನ್ನುತ್ತಾರೆ. "ಪಾಠ ಬಂತು ನಿಮಗೆ."