ಐವತ್ತೊಂದು ಸರಿಯಾಗಿಯೇ ಇತ್ತು

ಮೊಂಗುವಿನ ನಮ್ಮ ಆಸ್ಪತ್ರೆಗೆ ಡಾಕ್ಟರುಗಳು ಬರುತ್ತಿದ್ದರು, ವರ್ಷ ತುಂಬುವುದರೊಳಗೆ ರಾಜಧಾನಿ ಲುಸಾಕಕ್ಕೆ ವರ್ಗವಾಗಿ ಹೋಗುತ್ತಿದ್ದರು. ಇಪ್ಪತ್ತಾರು ವರ್ಷ ಅಲ್ಲೇ ಉಳಿದವರು ಮುಬಿಯಾನಾ. ಡಾಕ್ಟರ್ ಪದವಿ ಇಲ್ಲದೆ, ಮೂರು ವರ್ಷದ ತರಬೇತಿಯಲ್ಲೇ ರೋಗಿಗಳನ್ನು ನೋಡುವ ಕ್ಲಿನಿಕಲ್ ಆಫೀಸರ್. ತುರ್ತು ಕೋಣೆಯಲ್ಲಿ ನಾನು ಅವರ ಜೊತೆಗಿದ್ದ ನರ್ಸ್.

ಬಯಲಿನ ನೆರೆ ಇಳಿಯುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಮೀನು ಮಾರುವ ನಮಕಾವುವನ್ನು ಅವಳ ಅಕ್ಕ ಸೆಪಿಸೊ ಕರೆತಂದಳು.

"ಒಂಬತ್ತು ದಿನದಿಂದ ವಾಂತಿ ಅಪ್ಪಾ. ನೀರು ಕೂಡ ಒಳಗೆ ನಿಲ್ತಿಲ್ಲ."

ಹಳೆಯ ಹುಣ್ಣಿನಿಂದ ಜಠರದ ದಾರಿ ಕಟ್ಟಿಹೋಗಿತ್ತು. ನಮಕಾವು ಮಂಪರಿನಲ್ಲಿದ್ದಳು, ಉಸಿರಾಟ ತೀರಾ ನಿಧಾನ. ರಕ್ತಪರೀಕ್ಷೆಯ ಚೀಟಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಐವತ್ತೊಂದು. ಸಾಮಾನ್ಯವಾಗಿ ನಲವತ್ತಿರುತ್ತದೆ.

"ಉಸಿರು ಸೋಲ್ತಾ ಇದೆ, ಚೀಲ ಕೊಡು!" ಎಂದರು ಮುಬಿಯಾನಾ. ಮೂಗುಬಾಯಿಗೆ ಮಾಸ್ಕ್ ಒತ್ತಿಹಿಡಿದು, ಗಾಳಿಚೀಲವನ್ನು ಬೇಗಬೇಗ ಅದುಮತೊಡಗಿದರು. ಅದೇ ಚೀಟಿಯಲ್ಲಿ ರಕ್ತದ ಕ್ಷಾರ ಸೂಚಿಸುವ ಬೈಕಾರ್ಬೊನೇಟ್, ಇಪ್ಪತ್ತನಾಲ್ಕರ ಆಸುಪಾಸು ಇರಬೇಕಾದ್ದು, ನಲವತ್ತನಾಲ್ಕು ಎಂದಿತ್ತು. ಅವರು ನೋಡಲಿಲ್ಲ. ನಾನೂ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ಬೆರಳುಗಳು ಸೆಟೆದುಕೊಂಡವು. ಆಮೇಲೆ ಎದೆಬಡಿತ ತಾಳ ತಪ್ಪಿ ನಿಂತಿತು. ಎಷ್ಟು ಎದೆ ಒತ್ತಿದರೂ ಮರಳಲಿಲ್ಲ.

ಮಧ್ಯಾಹ್ನ, ಆ ವರ್ಷ ನಮ್ಮಲ್ಲಿದ್ದ ಡಾಕ್ಟರ್ ಇನೊಂಗೆ ಚೀಟಿ ಓದಿ ಬೈಕಾರ್ಬೊನೇಟಿನ ಅಂಕಿಯ ಮೇಲೆ ಬೆರಳಿಟ್ಟರು. "ವಾಂತೀಲಿ ಆಮ್ಲ ಹೋಗಿ ರಕ್ತ ಕ್ಷಾರ ಆಗಿದೆ. ಅದನ್ನ ಸರಿದೂಗಿಸೋಕೆ ಮೈ ತಾನಾಗೇ ಉಸಿರು ತಗ್ಗಿಸುತ್ತೆ. ಬೈಕಾರ್ಬೊನೇಟನ್ನ ಪಾಯಿಂಟ್ ಏಳರಿಂದ ಗುಣಿಸಿ, ಇಪ್ಪತ್ತು ಕೂಡಿಸಿ, ಇರಬೇಕಾದ ಕಾರ್ಬನ್ ಡೈಆಕ್ಸೈಡ್ ಸಿಗುತ್ತೆ. ಐದು ಆಚೀಚೆ ಆದ್ರೂ ಸರಿ."

ಮುಬಿಯಾನಾ ತುಟಿಯಲ್ಲೇ ಲೆಕ್ಕ ಮಾಡಿದರು. "ಐವತ್ತೊಂದು. ಹಾಗಾದ್ರೆ ಅವಳ ಉಸಿರು ಸರಿಯಾಗೇ ಇತ್ತಾ?"

"ಇತ್ತು. ಚೀಲ ಅದುಮಿ ಆ ಗಾಳಿ ಹೊರಹಾಕಿದ್ರಿಂದ ಕ್ಷಾರ ಇನ್ನೂ ಏರಿ ಎದೆಬಡಿತ ತಪ್ಪಿತು. ಬೇಕಾಗಿದ್ದು ಸಲೈನು, ಪೊಟ್ಯಾಸಿಯಂ. ಆದ್ರೂ ಉಳೀತಿದ್ಲು ಅಂತ ನಾನು ಹೇಳಲಾರೆ."

ಮುಬಿಯಾನಾ ಸೀದಾ ಸೆಪಿಸೊ ಕೂತಿದ್ದ ಮಾವಿನ ಮರದ ಕೆಳಗೆ ಹೋದರು. "ಬೇಡ ಸಾರ್, ಯಾರು ಕೇಳಿದ್ರು?" ಎಂದು ನಾನು ತಡೆದೆ. ಕೇಳಲಿಲ್ಲ. ಮರಳ ಮೇಲೆ ಅವಳೆದುರು ಕೂತು, ತಮ್ಮ ಕೈಯಿಂದಲೇ ತಪ್ಪಾಯಿತೆಂದು ಎಲ್ಲ ಹೇಳಿದರು.

ಸೆಪಿಸೊ ಬೈಯಲಿಲ್ಲ. "ಹೇಳದೇ ಇದ್ದಿದ್ರೆ ನಿಮ್ಮ ಹೆಸರು ಹೇಳ್ಕೊಂಡು ಬದುಕ್ತಿದ್ದೆ ಅಪ್ಪಾ," ಎಂದಳು. "ಈಗ ನಿಮ್ಮ ಮುಖ ನೋಡೋಕೂ ಆಗಲ್ಲ."

ಅಂದಿನಿಂದ ಹೊಸದಾಗಿ ಬಂದ ಪ್ರತಿಯೊಬ್ಬ ನರ್ಸಿಗೂ ಅವರು ಆ ಲೆಕ್ಕ ಬಾಯಿಪಾಠ ಮಾಡಿಸಿದರು. ಸೆಪಿಸೊಗೆ ಎದುರಾಗದಂತೆ ಮೀನು ಪೇಟೆಯ ದಾರಿ ಬಿಟ್ಟರು.

ಎರಡು ವರ್ಷದ ನಂತರ ಅಂಥದೇ ವಾಂತಿ, ಅಂಥದೇ ನಿಧಾನದ ಉಸಿರಿನ ಮುದುಕರೊಬ್ಬರು ಬಂದರು. ಬೈಕಾರ್ಬೊನೇಟ್ ನಲವತ್ತಾರು, ಕಾರ್ಬನ್ ಡೈಆಕ್ಸೈಡ್ ಐವತ್ತೆರಡು. ಹೊಸ ನರ್ಸ್ ಚೀಲಕ್ಕೆ ಕೈಹಾಕಿದಳು.

"ಕೈ ತೆಗಿಯಮ್ಮಾ. ಮೊದಲು ಲೆಕ್ಕ ಹಾಕು," ಎಂದರು ಮುಬಿಯಾನಾ.

ಲೆಕ್ಕ ಸರಿಹೊಂದಿತು. ಸಲೈನು, ಪೊಟ್ಯಾಸಿಯಂ ಹರಿಸಿ, ಪಕ್ಕದಲ್ಲೇ ಕೂತು ಉಸಿರು ಎಣಿಸುತ್ತಾ ಕಾದರು. ಶಸ್ತ್ರಚಿಕಿತ್ಸೆಯಾಗಿ ಆ ಮುದುಕರು ನಡೆದೇ ಮನೆಗೆ ಹೋದರು. ನಾವೆಲ್ಲ ಮುಬಿಯಾನಾರ ಕೈಕುಲುಕಲು ಹೋದೆವು.

"ನೋಡು, ಅವತ್ತೂ ಇಷ್ಟೇ ಮಾಡಬೇಕಿತ್ತು," ಎಂದು ಮುಬಿಯಾನಾ ನನಗೆ ಮಾತ್ರ ಕೇಳುವಂತೆ ಹೇಳಿ, ಹೊರಗೆ ಹೋಗಿ ನಿಂತರು.