ಯಾಬಿಕು ಅವರ ಕುಟುಂಬದ ಚಿತ್ರ

ಯಾಬಿಕು ಸೇಜುನ್ ತಮ್ಮ ಅಪ್ಪನ ಸಮಾಧಿಗೆ ಹೋಗಬೇಕಾದರೆ ಅಮೆರಿಕನ್ ಸೈನ್ಯದ ಅನುಮತಿ ಚೀಟಿ ಬೇಕಿತ್ತು. ಜಪಾನಿನ ದಕ್ಷಿಣದ ದ್ವೀಪ ಒಕಿನಾವಾದಲ್ಲಿ ಇದು ಅವರೊಬ್ಬರ ಪಾಡಲ್ಲ. ಯುದ್ಧ ಮುಗಿದು ಅಮೆರಿಕನ್ನರು ನಮ್ಮನ್ನು ಶಿಬಿರಗಳಿಂದ ಹೊರಬಿಟ್ಟಾಗ ನಮ್ಮಲ್ಲಿ ಅನೇಕರ ಊರುಗಳು ವಿಮಾನ ಇಳಿಯುವ ಬಯಲುಗಳಾಗಿದ್ದವು. ಯಾಬಿಕು ಅವರ ಊರಿನಲ್ಲಿ ಮನೆಗಳು ಹೋದವು, ಗೆಣಸಿನ ಹೊಲಗಳು ಹೋದವು, ಬಾವಿ ಮುಚ್ಚಿತು. ಗುಡ್ಡದ ಇಳಿಜಾರಿನಲ್ಲಿ ಕಲ್ಲಿನ ಕೋಣೆಯಂತಿದ್ದ ಕುಟುಂಬದ ಸಮಾಧಿ ಮಾತ್ರ ಯಾರ ದಾರಿಗೂ ಅಡ್ಡ ಬರಲಿಲ್ಲವಾದ್ದರಿಂದ ಉಳಿಯಿತು. ಅದರ ಸುತ್ತ ಸೇನಾನೆಲೆಯ ಬೇಲಿ ಬಂತು.

ಅವರು ಹುಟ್ಟಿದ್ದು 1915ರಲ್ಲಿ. ಅಪ್ಪ ಹವಾಯಿಯ ಕಬ್ಬಿನ ತೋಟದಲ್ಲಿ ಕೂಲಿ ಮಾಡುತ್ತಿದ್ದರು. ಸೇಜುನ್ ಹದಿನಾಲ್ಕರವರೆಗೆ ಅಲ್ಲೇ ಓದಿದರು. ಅಪ್ಪನಿಗೆ ಎದೆಯ ಕಾಯಿಲೆ ಬಂದು ಎಲ್ಲರೂ ಊರಿಗೆ ಮರಳಿದರು. ಕೆಲವು ವರ್ಷಗಳಲ್ಲಿ ಅಪ್ಪ ಸಮಾಧಿ ಸೇರಿದರು. ಸೇಜುನ್ ಮದುವೆಯಾದರು, ಇಬ್ಬರು ಹೆಣ್ಣುಮಕ್ಕಳಾದರು. 1945ರ ಜೂನ್ ತಿಂಗಳಲ್ಲಿ ದ್ವೀಪದ ದಕ್ಷಿಣಕ್ಕೆ ಓಡುತ್ತಿದ್ದ ಜನರ ನಡುವೆ ಹೆಂಡತಿ, ಮಕ್ಕಳು ಕಳೆದುಹೋದರು. ದೇಹಗಳು ಸಿಗಲಿಲ್ಲ. ಉಳಿದವರು ಅವರು ಮತ್ತು ಅವರ ಅಮ್ಮ ನಾಬೆ.

ಹವಾಯಿಯಲ್ಲಿ ಕಲಿತ ಇಂಗ್ಲಿಷ್ ಅವರಿಗೆ ಅನ್ನ ಕೊಟ್ಟಿತು. 1947ರಿಂದ ಅಮೆರಿಕನ್ ಆಡಳಿತದ ಪ್ರಕಟಣೆಗಳ ಕಚೇರಿಯೊಂದರಲ್ಲಿ ಅನುವಾದಕರಾಗಿದ್ದರು. ಭಾಷಣ, ಆಜ್ಞೆ, ಕರಪತ್ರ, ಪ್ರತಿ ತಿಂಗಳು ಬರುವ ಬಣ್ಣದ ಪತ್ರಿಕೆ, ಎಲ್ಲವೂ ಅವರ ಕೈಯಿಂದಲೇ ಜಪಾನಿ ಭಾಷೆಗೆ ಬರುತ್ತಿತ್ತು. ಅಮೆರಿಕ ಸ್ವತಂತ್ರ ಜಗತ್ತಿನ ನಾಯಕ ಎಂಬ ಮಾತನ್ನು ಅವರು ಎಷ್ಟು ಸಾವಿರ ಸಲ ಬರೆದರೋ ಲೆಕ್ಕವಿಲ್ಲ. ಹಳೆಯ ಊರಿನವರು ಅವರನ್ನು ಅಮೆರಿಕದ ನಾಲಿಗೆ ಎಂದು ಕರೆಯುತ್ತಿದ್ದರು, ಎದುರಿಗೇ. ಯಾಬಿಕು ನಾಹಾ ಪಟ್ಟಣದ ಒಂದು ಕೋಣೆಯಲ್ಲಿದ್ದರು. ಭಾನುವಾರ ತಮ್ಮ ನಾಲ್ಕು ಅಂಗಿಗಳನ್ನು ತಾವೇ ಒಗೆದು ಇಸ್ತ್ರಿ ಮಾಡುತ್ತಿದ್ದರು. ಯಾರ ಮನೆಗೂ ಹೋಗುತ್ತಿರಲಿಲ್ಲ. ಅವರನ್ನು ಕರೆಯುವವರೂ ಇರಲಿಲ್ಲ.

ನಾನು 1966ರಲ್ಲಿ ಆ ಕಚೇರಿಗೆ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಎರಡು ವರ್ಷ ಅವರ ಪಕ್ಕದ ಮೇಜಿನಲ್ಲಿ ಕುಳಿತಿದ್ದೇನೆ. ಮೊದಲ ವರ್ಷ ನನಗೂ ಅವರ ಮೇಲೆ ಗೌರವವಿರಲಿಲ್ಲ. ವಿಶ್ವವಿದ್ಯಾಲಯದಿಂದ ಆಗಷ್ಟೇ ಬಂದಿದ್ದೆ. ತೀರ್ಪು ಕೊಡುವುದು ಸುಲಭವಾಗಿತ್ತು. ನಾನೂ ಅದೇ ಸಂಬಳದ ಪಟ್ಟಿಯಲ್ಲಿದ್ದೆನೆಂಬುದು ಆಗ ಹೊಳೆಯಲಿಲ್ಲ.

ಅವರ ಬದುಕಿನಲ್ಲಿ ಇನ್ನೂ ಆಗಬೇಕಾದ ಕೆಲಸ ಒಂದೇ ಒಂದಿತ್ತು. ಅಮ್ಮ ನಾಬೆ 1959ರಲ್ಲಿ ತೀರಿಕೊಂಡಿದ್ದರು. ಗಂಡನ ಪಕ್ಕದಲ್ಲಿ ಇಡು ಎಂದು ಕೇಳಿಕೊಂಡು ಸತ್ತಿದ್ದರು. ಅವರ ಮೂಳೆಯ ಜಾಡಿ ನಾಹಾದ ಒಂದು ಗುಡಿಯ ಕಪಾಟಿನಲ್ಲಿ, ಗುರುತಿಲ್ಲದವರ ಜಾಡಿಗಳ ಮಧ್ಯೆ, 1968ರ ಹೊತ್ತಿಗೆ ಒಂಬತ್ತು ವರ್ಷದಿಂದ ಕುಳಿತಿತ್ತು. ಸೈನ್ಯ ಚೀಟಿ ಕೊಡುತ್ತಿದ್ದುದು ಏಪ್ರಿಲ್ ತಿಂಗಳ ಪಿತೃಗಳ ಹಬ್ಬಕ್ಕೆ, ವರ್ಷಕ್ಕೆ ಒಂದು ಭಾನುವಾರ, ಮೂರು ಗಂಟೆ ಹೊತ್ತು ಮಾತ್ರ. ಆದರೆ ಹಬ್ಬದ ದಿನ ಸಮಾಧಿಯ ಬಾಗಿಲು ತೆರೆಯುವುದು ನಮ್ಮಲ್ಲಿ ನಿಷಿದ್ಧ. ಅಂದು ಬಾಗಿಲ ಮುಂದೆ ಕುಳಿತು ಊಟ ಮಾಡಬೇಕು, ಅಷ್ಟೇ. ಸಾವಾದ ದಿನ ಬಿಟ್ಟರೆ, ಶಕುನ ನೋಡದೆ ಬಾಗಿಲು ತೆರೆಯಬಹುದಾದದ್ದು ಹಳೆಯ ಪಂಚಾಂಗದ ಏಳನೇ ತಿಂಗಳ ಏಳನೇ ದಿನ. ಆ ದಿನ ಬೇಕೆಂದು ಯಾಬಿಕು ಪ್ರತಿವರ್ಷ ಅರ್ಜಿ ಹಾಕುತ್ತಿದ್ದರು. ಧಾರ್ಮಿಕ ಭೇಟಿಗೆ ಏಪ್ರಿಲ್ ನಿಗದಿಯಾಗಿದೆ ಎಂದು ಪ್ರತಿವರ್ಷ ಉತ್ತರ ಬರುತ್ತಿತ್ತು. ಆ ಉತ್ತರವೂ ಜಪಾನಿ ಭಾಷೆಗೆ ಅನುವಾದವಾಗಬೇಕೆಂದು ಅವರ ಮೇಜಿಗೇ ಬರುತ್ತಿತ್ತು.

ನಮ್ಮ ಕಚೇರಿಯ ಮುಖ್ಯಸ್ಥ ಹಾಲ್ವರ್ಸನ್ ನೆಬ್ರಾಸ್ಕಾದವನು, ನಲವತ್ತರ ಆಸುಪಾಸಿನವನು. ಕೆಟ್ಟ ಮನುಷ್ಯನಲ್ಲ. 1968ರ ವಸಂತದಲ್ಲಿ, ಕಪ್ಪುಜನರ ನಾಯಕನ ಕೊಲೆಯಾಗಿ ಅವನ ದೇಶದ ಊರುಗಳು ಹೊತ್ತಿ ಉರಿಯುತ್ತಿದ್ದಾಗ ಅವನು ಪತ್ರಿಕೆ ಮಡಿಸಿಟ್ಟು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದುದನ್ನು ಕಂಡಿದ್ದೇನೆ. ಆ ನವೆಂಬರಿನಲ್ಲಿ ದ್ವೀಪದ ಜನ ಮೊದಲ ಸಲ ತಮ್ಮ ಸರ್ಕಾರದ ಮುಖ್ಯಸ್ಥನನ್ನು ತಾವೇ ಆರಿಸುವವರಿದ್ದರು. ಅಲ್ಲಿಯವರೆಗೆ ಆರಿಸುತ್ತಿದ್ದವರು ಅಮೆರಿಕನ್ನರು. ಮತದಾನಕ್ಕೆ ಮುಂಚೆ ನಮ್ಮ ಪತ್ರಿಕೆಯಲ್ಲಿ ಸ್ವಾತಂತ್ರ್ಯದ ಬಗ್ಗೆ ದೊಡ್ಡ ವಿಶೇಷಾಂಕ ಬರಬೇಕೆಂದು ಮೇಲಿನಿಂದ ಆಜ್ಞೆಯಾಯಿತು.

ಮೇ ತಿಂಗಳಲ್ಲಿ ಅದರ ಮುನ್ನುಡಿ ಅನುವಾದಕ್ಕೆ ಬಂತು. ಯಾಬಿಕು ಅದನ್ನು ಹಿಡಿದು ಹಾಲ್ವರ್ಸನ್ ಎದುರು ಹೋಗಿ ನಿಂತರು. ಹಾಗೆ ಹೋದವರೇ ಅಲ್ಲ. ಬಾಗಿಲು ತೆರೆದಿತ್ತು, ಮಾತು ನಮಗೆಲ್ಲ ಕೇಳಿತು.

"ಒಂದು ಅನುಮಾನ ಇದೆ," ಎಂದರು. "ಸ್ವತಂತ್ರ ಜಗತ್ತು ಅಂತ ಬರೆದಿದ್ದೀರಲ್ಲ, ಈ ದ್ವೀಪ ಅದರ ಒಳಗಿದೆಯೋ, ಹೊರಗೋ?"

"ಒಳಗೇ. ಅದ್ರಲ್ಲಿ ಅನುಮಾನ ಯಾಕೆ ಬಂತು?"

"ನಮ್ಮಪ್ಪನ ಗೋರಿಗೆ ಹೋಗೋಕೆ ಚೀಟಿ ಬೇಕು. ಅದಕ್ಕೆ ಕೇಳಿದೆ."

ಹಾಲ್ವರ್ಸನ್ ನಕ್ಕ, ಆಮೇಲೆ ನಗಬಾರದಿತ್ತೆಂದು ಅವನಿಗೇ ಗೊತ್ತಾಯಿತು. "ನೋಡಿ ಯಾಬಿಕು, ರಷ್ಯಾದಲ್ಲಾಗಿದ್ರೆ ನೀವು ಈ ಪ್ರಶ್ನೆ ಕೇಳೋಕೂ ಆಗ್ತಿರಲಿಲ್ಲ."

"ಅದು ನಿಜ. ಇಲ್ಲಿ ಕೇಳಬಹುದು. ಒಂಬತ್ತು ವರ್ಷದಿಂದ ಕೇಳ್ತಾನೇ ಇದ್ದೀನಿ."

ಬಾಗಿಲು ಮುಚ್ಚಿಕೊಂಡಿತು. ಒಳಗೆ ಏನು ಮಾತಾಯಿತೆಂದು ಮರುದಿನ ತಿಳಿಯಿತು. ಜುಲೈ ಕೊನೆಯಲ್ಲಿ ಬೀಳುವ ಆ ಏಳನೇ ದಿನಕ್ಕೆ ಹಾಲ್ವರ್ಸನ್ ತಾನೇ ಓಡಾಡಿ ಚೀಟಿ ಕೊಡಿಸುತ್ತಾನೆ. ಬಾಗಿಲು ತೆರೆದು ಅಮ್ಮನನ್ನು ಒಳಗಿಡಬಹುದು. ಪ್ರತಿಯಾಗಿ, ಬಾಗಿಲು ಮುಚ್ಚಿದ ಮೇಲೆ ಅದರ ಮುಂದೆ ಯಾಬಿಕು ಕುಟುಂಬ ಹಬ್ಬದ ಊಟ ಮಾಡುವ ಚಿತ್ರ ವಿಶೇಷಾಂಕಕ್ಕೆ ಬೇಕು. ಸೇನಾನೆಲೆಯ ಒಳಗೂ ಪೂಜೆಗೆ ಸ್ವಾತಂತ್ರ್ಯವಿದೆ ಎಂದು ಅದು ತೋರಿಸಬೇಕು.

ಯಾಬಿಕು ತಮಗೆ ಕುಟುಂಬವಿಲ್ಲವೆಂದು ಹೇಳಿದ್ದರು. ಹಾಲ್ವರ್ಸನ್‌ಗೆ ಅದು ಗೊತ್ತಿತ್ತು. ಅದಕ್ಕೆ ಕಚೇರಿಯವರು ಇದ್ದಾರಲ್ಲ ಎಂದಿದ್ದ.

ಹೀಗೆ ಟೈಪಿಸ್ಟ್ ಗಿಮಾ ಹಿದೆಕೊ ಅವರ ಹೆಂಡತಿಯಾದಳು. ನಾನು ಮಗಳು. ಡ್ರೈವರ್ ಅಶಿಮಿನೆ ತಮ್ಮ. ಹಿದೆಕೊ ಮೂವತ್ತೈದರ ವಿಧವೆ, ಎಲ್ಲವನ್ನೂ ಹಗುರವಾಗಿ ತೆಗೆದುಕೊಳ್ಳುವ ಹೆಂಗಸು.

"ಯಜಮಾನ್ರೇ," ಎಂದಳು ಯಾಬಿಕುಗೆ, "ಒಂದಿನದ ಸಂಸಾರ ಮಾಡ್ತೀನಿ, ಆದ್ರೆ ಪಾತ್ರೆ ತೊಳಿಯಲ್ಲ. ಈಗ್ಲೇ ಹೇಳಿದ್ದೀನಿ."

"ನಾನೇ ತೊಳೀತೀನಿ," ಎಂದರು ಅವರು. ಹಾಸ್ಯವೆಂದು ಅವರಿಗೆ ಅರ್ಥವಾಯಿತೋ ಇಲ್ಲವೋ. ಆ ದಿನ ನಿಜಕ್ಕೂ ಅವರೇ ತೊಳೆದರು.

ಒಪ್ಪಬೇಕಿತ್ತೇ ಎಂದು ಈಗ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ನಾವು ಯಾರೂ ಬೇಡವೆನ್ನಲಿಲ್ಲ. ಒಬ್ಬ ಮುದುಕಿಯನ್ನು ಅವಳ ಗಂಡನ ಪಕ್ಕದಲ್ಲಿಡಬೇಕಿತ್ತು, ಅದಕ್ಕೆ ಬೇರೆ ದಾರಿ ಇರಲಿಲ್ಲ. ಬೇರೆ ದಾರಿ ಇಲ್ಲದಂತೆ ಮಾಡಿದವರೇ ಈ ದಾರಿಯನ್ನೂ ತೋರಿಸಿದ್ದರು. ಇಷ್ಟನ್ನೇ ಅವರಿಗೆ ಹೇಳುತ್ತೇನೆ.

ಆ ದಿನ ವಿಪರೀತ ಬಿಸಿಲು. ಕಾವಲುಗಾರ ನಮ್ಮ ಹೆಸರುಗಳನ್ನು ಎರಡು ಸಲ ಓದಿ, ಜಾಡಿಯ ಮುಚ್ಚಳ ತೆಗೆಸಿ ನೋಡಿ ಒಳಬಿಟ್ಟ. ಬಯಲಿನ ಆಚೆ ವಿಯೆಟ್ನಾಮಿಗೆ ಹೋಗುವ ಬಾಂಬರ್ ವಿಮಾನಗಳು ಸಾಲಾಗಿ ನಿಂತಿದ್ದವು. ಒಂದೊಂದು ಎದ್ದಾಗಲೂ ಮಾತು ನಿಲ್ಲಿಸಬೇಕಾಗುತ್ತಿತ್ತು. ಯಾಬಿಕು ಮತ್ತು ಅಶಿಮಿನೆ ಕುಡುಗೋಲಿನಿಂದ ಹುಲ್ಲು ಸವರಿ ಕಲ್ಲಿನ ಬಾಗಿಲು ಸರಿಸಿದರು. ಯಾಬಿಕು ಜಾಡಿಯನ್ನು ಎದೆಗೊತ್ತಿಕೊಂಡು ಬಗ್ಗಿ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಛಾಯಾಗ್ರಾಹಕ ಗಡಿಯಾರ ನೋಡಿಕೊಂಡ. ಹೊರಬಂದಾಗ ಅವರ ಮೊಣಕಾಲುಗಳಿಗೆ ಬಿಳಿ ಮಣ್ಣು ಮೆತ್ತಿತ್ತು. ಅವರು ಅಳುತ್ತಿರಲಿಲ್ಲ.

ಬಾಗಿಲು ಮುಚ್ಚಿ, ಚಾಪೆ ಹಾಸಿ, ಏಪ್ರಿಲಿನ ಹಬ್ಬದ ಅಡುಗೆ ಬಡಿಸಿದೆವು. ಬೇಯಿಸಿದ ಹಂದಿಮಾಂಸ, ಗಂಟು ಕಟ್ಟಿದ ಕಡಲಸೊಪ್ಪು, ಕರಿದ ತೋಫು, ಅಕ್ಕಿಯ ಸಾರಾಯಿ. ಏಳನೇ ತಿಂಗಳಿನಲ್ಲಿ ಯಾರೂ ಮಾಡದ ಊಟ ಅದು. ಛಾಯಾಗ್ರಾಹಕ ನಮ್ಮನ್ನು ಹತ್ತಿರ ಹತ್ತಿರ ಕೂರಿಸಿದ. ಆದರೆ ತಿನ್ನುವ ಮುಂಚೆ ಒಂದು ಕೆಲಸವಿತ್ತು, ಅದನ್ನು ಯಾಬಿಕು ಬಿಡಲಿಲ್ಲ. ಸಮಾಧಿಯ ಮುಂದೆ ಕುಳಿತವರು ಯಾರು ಯಾರು ಎಂದು, ಹುಟ್ಟಿದ ವರ್ಷದ ಪ್ರಾಣಿಯ ಸಮೇತ, ಮನೆಯ ಹಿರಿಯ ಒಳಗಿನವರಿಗೆ ಹೇಳಬೇಕು. ಹೇಳದೆ ಕುಳಿತವರು ಅಲ್ಲಿ ಕಳ್ಳರು. ಅವರು ಊದುಬತ್ತಿ ಹಚ್ಚಿ, ಕಚೇರಿಯ ಜಪಾನಿಯಲ್ಲಲ್ಲ, ನಮ್ಮ ದ್ವೀಪದ ಮನೆಮಾತಿನಲ್ಲಿ ಶುರುಮಾಡಿದರು.

"ಅಪ್ಪಾ, ಅಮ್ಮನ್ನ ಕರ್ಕೊಂಡ್ ಬಂದಿದ್ದೀನಿ. ತಡ ಆಯ್ತು. ಈ ಕೂತಿರೋರು ನಮ್ಮೋರಲ್ಲ. ಇವಳು ಕೋಳಿ ವರ್ಷದ ಗಿಮಾ ಹಿದೆಕೊ, ಟೈಪ್ ಮಾಡ್ತಾಳೆ. ಇವನು ಅಶಿಮಿನೆ, ಕುದುರೆ ವರ್ಷ, ಕಾರು ಓಡಿಸ್ತಾನೆ." ನನ್ನನ್ನೂ ಹೇಳಿದರು. "ಫೋಟೋ ತೆಗಿಯೋಕೆ ಬಂದಿದ್ದಾರೆ. ಅಮ್ಮನ್ನ ಒಳಗೆ ತರೋಕೆ ಇದು ಬೇಕಾಯ್ತು. ಇವರ ಮೇಲೆ ಸಿಟ್ಟಾಗಬೇಡಿ. ನನ್ನ ಹೆಂಡ್ತಿ, ಮಕ್ಕಳು ಎಲ್ಲಿದ್ದಾರೋ ನಂಗೆ ಗೊತ್ತಿಲ್ಲ. ನಿಮ್ ಜೊತೆ ಇದ್ರೆ ನೋಡ್ಕೊಳ್ಳಿ."

ಹಿದೆಕೊ ಆಮೇಲೆ ಏನೂ ಹಾಸ್ಯ ಮಾಡಲಿಲ್ಲ. ನಮ್ಮ ಜೊತೆ ಬಂದಿದ್ದ ಹಾಲ್ವರ್ಸನ್ ಟೋಪಿ ತೆಗೆದು ನಿಂತಿದ್ದ. ಪ್ರಾರ್ಥನೆ ಸುಂದರವಾಗಿತ್ತು ಎಂದ.

ಸೆಪ್ಟೆಂಬರಿನಲ್ಲಿ ಚಿತ್ರ ಅನುವಾದಕ್ಕೆ ಬಂತು. ಎರಡು ಪುಟ ಅಗಲ. ಕೆಳಗೆ ಇಂಗ್ಲಿಷಿನಲ್ಲಿ, ಯಾಬಿಕು ಕುಟುಂಬದ ಮೂರು ತಲೆಮಾರು ಏಪ್ರಿಲ್ ಹಬ್ಬದಲ್ಲಿ ನಿರಾತಂಕವಾಗಿ ಪೂರ್ವಜರನ್ನು ಪೂಜಿಸುತ್ತಿರುವುದು, ಎಂದಿತ್ತು. ಮೂರನೆಯ ತಲೆಮಾರು ಎಲ್ಲಿತ್ತೋ. ಯಾಬಿಕು ಅದನ್ನು ಎರಡು ದಿನ ಇಟ್ಟುಕೊಂಡರು. ಮೂರನೆಯ ದಿನ ಕರಡು ನನ್ನ ಮೇಜಿಗೆ ಬಂತು. ಜಪಾನಿಯಲ್ಲಿ ಅವರು ಬರೆದಿದ್ದು ಇಷ್ಟು: ಯಾಬಿಕು ಸೇಜುನ್ ಮತ್ತು ಅವರ ಕಚೇರಿಯ ಸಿಬ್ಬಂದಿ, ಸೇನಾನೆಲೆಯೊಳಗಿರುವ ಯಾಬಿಕು ಸಮಾಧಿಯ ಮುಂದೆ, ಛಾಯಾಚಿತ್ರಕ್ಕಾಗಿ, ಜುಲೈ 1968.

ಇಪ್ಪತ್ತೊಂದು ವರ್ಷಗಳಲ್ಲಿ ಅವರು ಮೂಲದ ಒಂದು ಪದವನ್ನೂ ಬದಲಿಸಿದವರಲ್ಲ. ತಪ್ಪಾಗಿ ಬಂದಿದೆಯೇ ಎಂದು ಕೇಳಿದೆ.

"ಇಲ್ಲ," ಎಂದರು. "ಒಳಗಿರೋರಿಗೆ ಒಂದು ಹೇಳಿ, ಹೊರಗಿರೋರಿಗೆ ಇನ್ನೊಂದು ಹೇಳೋದು ಹೇಗೆ? ಅಮ್ಮ ಅಲ್ಲೇ ಇದ್ದಾಳಲ್ಲ."

"ಮುಂದಿನ ಏಪ್ರಿಲಿಗೆ ಚೀಟಿ ಕೊಡಲ್ಲ. ಯೋಚನೆ ಮಾಡಿದ್ದೀರಾ?"

"ಎರಡು ದಿನ ಅದನ್ನೇ ಮಾಡಿದ್ದು."

ನಾನು ಕರಡಿಗೆ ಸಹಿ ಹಾಕಿದೆ. ಜಪಾನಿ ಓದಬಲ್ಲ ಅಮೆರಿಕನ್ ಆ ಕಟ್ಟಡದಲ್ಲಿ ಒಬ್ಬನೂ ಇರಲಿಲ್ಲ. ಅವರು ಇಪ್ಪತ್ಮೂರು ವರ್ಷದಿಂದ ಆಳುತ್ತಿದ್ದ ಜನರ ಭಾಷೆ ಅದು.

ಅಕ್ಟೋಬರಿನಲ್ಲಿ ಸಂಚಿಕೆ ಹಂಚಿಕೆಯಾದ ವಾರದೊಳಗೆ ಆ ಚಿತ್ರ ವಿರೋಧಪಕ್ಷದವರ ಸಭೆಗಳಲ್ಲಿ ಕೈಯಿಂದ ಕೈಗೆ ಹೋಯಿತು. ಜುಲೈ ಎಂದು ಓದಿದ ಮೇಲೆ ನಮ್ಮವರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಮೀನುಪೇಟೆಯ ಹೆಂಗಸರು ಕೂಡ ನಕ್ಕರು. ಮೇಲಿನವರ ಆಜ್ಞೆ ಬಂದು ಯಾಬಿಕು ಅವರ ಕೆಲಸ ಹೋಯಿತು. ನಾನು ರಾಜೀನಾಮೆ ಕೊಟ್ಟೆ. ಹೇಗೂ ಟೋಕಿಯೊಗೆ ಓದಲು ಹೊರಟಿದ್ದವಳು, ಅದರಲ್ಲಿ ತ್ಯಾಗವೇನೂ ಇರಲಿಲ್ಲ.

ಕೊನೆಯ ದಿನ ಹಾಲ್ವರ್ಸನ್ ಅವರ ಮೇಜಿನ ಹತ್ತಿರ ಬಂದು ನಿಂತ. "ನನ್ನ ಹತ್ರ ಹೇಳಬಹುದಿತ್ತು," ಎಂದ.

"ಹೇಳಿದ್ರೆ ಇಂಗ್ಲಿಷನ್ನ ಬದಲಾಯಿಸ್ತಿದ್ರಾ?"

ಹಾಲ್ವರ್ಸನ್ ಮೇಜಿನ ಮೇಲಿದ್ದ ಸಂಚಿಕೆಯನ್ನು ಮಗುಚಿಟ್ಟ. ನಾವು ಹೇಳೋ ಮಾತಲ್ಲಿ ಅರ್ಧವಾದ್ರೂ ನಿಜ ಅಂತ ನಾನು ನಂಬ್ತೀನಿ, ಯಾಬಿಕು, ಎಂದ. ಯಾಬಿಕು ತಾವೂ ಹಾಗೇ ನಂಬಿದ್ದಾಗಿ, ಉಳಿದ ಅರ್ಧದ ಒಳಗೆ ತಮ್ಮ ಊರು ಇದ್ದುದಾಗಿ ಹೇಳಿದರು. ಇಬ್ಬರೂ ತಲೆಬಾಗಿ ಬೇರೆಯಾದರು.

ಅಷ್ಟರಲ್ಲಿ ಅಮೆರಿಕದ ನಾಲಿಗೆ ಎಂದವರೇ ಅವರನ್ನು ವೀರರೆಂದು ಕರೆಯತೊಡಗಿದ್ದರು. ಹಳೆಯ ಊರಿನ ಮುಖಂಡ ಜಹಾನಾ, ಸೇನಾನೆಲೆಗಳ ವಿರುದ್ಧ ದೊಡ್ಡ ಭಾಷಣ ಮಾಡುವವನು, ಹಾರ ಹಿಡಿದು ಅವರ ಕೋಣೆಗೆ ಬಂದ. ಸೈನ್ಯದವರು ಕುಡಿಯಲು ಹೋಗುವ ಬೀದಿಯಲ್ಲಿ ಅವನ ಹೆಂಡತಿಯ ಹೆಸರಿನಲ್ಲಿ ಎರಡು ಅಂಗಡಿಗಳಿದ್ದುದು ಎಲ್ಲರಿಗೂ ಗೊತ್ತಿತ್ತು. ವೇದಿಕೆ ಮೇಲೆ ನಮ್ಮ ಅಣ್ಣನ ಹಾಗೆ ಕೂತ್ಕೊಂಡ್ರೆ ಸಾಕು, ಮಾತಾಡೋದೂ ಬೇಡ, ಎಂದನಂತೆ.

"ಒಂದ್ಸಲ ಕುಟುಂಬದ ವೇಷ ಹಾಕಿದ್ದಾಯ್ತು, ಜಹಾನಾ," ಎಂದು ಯಾಬಿಕು ಹೇಳಿ ಬಾಗಿಲು ಹಾಕಿಕೊಂಡರು. ಆಮೇಲೆ ಆ ಕಡೆಯವರೂ ಬರಲಿಲ್ಲ.

ಏಪ್ರಿಲಿಗೆ ಚೀಟಿ ಬರಲಿಲ್ಲ. ಅವರು ಚಾಪೆ ತೆಗೆದುಕೊಂಡು ಬೇಲಿಯ ಹೊರಗೆ, ಗುಡ್ಡ ಕಾಣುವ ಕಡೆ ಹೋಗಿ ಕುಳಿತು, ಒಬ್ಬರೇ ಉಂಡು ಬಂದರು. ದೂರದಿಂದ ನಮಸ್ಕರಿಸುವುದೂ ನಮ್ಮಲ್ಲಿ ಉಂಟು. 1972ರಲ್ಲಿ ದ್ವೀಪ ಜಪಾನಿಗೆ ಮರಳಿತು. ಅರ್ಜಿಯ ಹಾಳೆ ಜಪಾನಿಯದಾಯಿತು, ಟೋಕಿಯೊದಿಂದ ಬಂದ ಗುಮಾಸ್ತ ಬಹಳ ವಿನಯದಿಂದ ಅದನ್ನು ತೆಗೆದುಕೊಂಡ, ಆದರೆ ಒಪ್ಪಿಗೆ ಬೇಲಿಯ ಒಳಗೇ ಉಳಿದಿದ್ದ ಅಮೆರಿಕನ್ನರಿಂದಲೇ ಬರಬೇಕಿತ್ತು. ಇಪ್ಪತ್ತು ವರ್ಷಗಳ ಹಿಂದೆ ಟೋಕಿಯೊ ನಮ್ಮನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಾಗಲೂ ಇಷ್ಟೇ ವಿನಯವಿತ್ತು. ಯಾಬಿಕು ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟು ಬದುಕಿದರು.

ನಾನು ಮರಳಿ ಬಂದು ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆ ಕೆಲವು ಸಲ ಅವರ ಜೊತೆ ಬೇಲಿಯ ಹತ್ತಿರ ಹೋಗಿದ್ದೇನೆ. ಒಮ್ಮೆ ಕೇಳಿದೆ, ಆ ಸಾಲು ಇಂಗ್ಲಿಷಿನ ಹಾಗೇ ಬರೆದಿದ್ದರೆ ಈಗ ಒಳಗೆ ಕುಳಿತಿರುತ್ತಿದ್ದಿರಲ್ಲ ಎಂದು.

"ಕೂತಿರ್ತಿದ್ದೆ," ಎಂದರು. "ಏನಂತ ಹೇಳ್ಕೊಂಡು ಕೂರೋದು ಅನ್ನೋದೇ ಗೊತ್ತಾಗ್ತಿರಲಿಲ್ಲ."

1981ರ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮೂರು ದಿನದ ಮೇಲೆ ಮನೆಯ ಒಡತಿ ಬಾಗಿಲು ತೆಗೆಸಿದಳು. ಅವರ ಜಾಡಿಯನ್ನು ಸಮಾಧಿಗೆ ಸೇರಿಸಲು ಹಿದೆಕೊ ಮತ್ತು ನಾನು ಅರ್ಜಿ ಹಾಕಿದೆವು. ರಕ್ತಸಂಬಂಧಿಗಳೇ ಸಹಿ ಹಾಕಬೇಕೆಂದು ಉತ್ತರ ಬಂತು. ಅವರ ರಕ್ತಸಂಬಂಧಿಗಳಲ್ಲಿ ಎಲ್ಲಿದ್ದಾರೆಂದು ಗೊತ್ತಿರುವವರೆಲ್ಲ ಆ ಸಮಾಧಿಯ ಒಳಗಿದ್ದರು. ಯಾಬಿಕು ಸೇಜುನ್ ಈಗ ನಾಹಾದ ಅದೇ ಗುಡಿಯಲ್ಲಿ, ಬಾಗಿಲಿಂದ ಮೂರನೆಯ ಕಪಾಟಿನಲ್ಲಿ ಇದ್ದಾರೆ. ಅರ್ಜಿಯನ್ನು ನಾನು ಪ್ರತಿವರ್ಷ ಹಾಕುತ್ತೇನೆ.