ಮಸಿ ಗುರುತಿನ ತತ್ತಿ

ಸರಿರಾತ್ರಿ. ಬುಟ್ಟಿಯ ಕಡೆಯಿಂದ ಸಣ್ಣದೊಂದು ‘ಚಿಂವ್’. ಶೇವಂತಾಬಾಯಿ ಎದ್ದು ಕೂರುತ್ತಾಳೆ. ಕಾವಿಗೆ ಕೂತ ಚುಕ್ಕಿ ಕೋಳಿ ಗಂಟಲಲ್ಲೇ ‘ಕುರ್ರ್’ ಎನ್ನುತ್ತದೆ. ಇನ್ನೂ ಒಡೆಯದ ತತ್ತಿಯೊಳಗಿಂದಲೇ ಮರಿ ಕರೆಯುತ್ತಿದೆ, ತಾಯಿ ಓಗೊಡುತ್ತಿದೆ. ಬೆಳಕು ಹರಿಯುವಾಗ ತತ್ತಿಯ ದುಂಡು ತುದಿಯಲ್ಲಿ ಕೂದಲೆಳೆಯಂಥ ಬಿರುಕು. ಉಳಿದವನ್ನು ಒಂದೊಂದಾಗಿ ಕಿವಿಗಿಡುತ್ತಾಳೆ. ಯಾವುದರಲ್ಲೂ ಸದ್ದಿಲ್ಲ.

ಔರಾದ ತಾಲ್ಲೂಕಿನ ಈ ಊರಿಗೆ ಮಳೆ ಕೈಕೊಟ್ಟು ಎರಡು ವರ್ಷ. ಯುಗಾದಿ ಮುಗಿದದ್ದೇ ಮನೆಗಳಿಗೆ ಬೀಗ ಬೀಳುತ್ತದೆ. ದುಡಿಯಲು ಹೋಗುವವರು ಕೋಳಿ ಮಾರಿ, ಕೊನೆಯ ತತ್ತಿಗಳನ್ನು ಹೊಟ್ಟಿನಲ್ಲಿ ಹುದುಗಿಸಿ ಶೇವಂತಾಬಾಯಿಯ ಕೈಗಿಡುತ್ತಾರೆ, ಬೀಜ ಒಪ್ಪಿಸಿದ ಹಾಗೆ. ಆಕೆ ಕೂಲಿ ಕೇಳುವುದಿಲ್ಲ. ಯಾಕೆಂದು ಕೇಳಿದರೆ ಹೇಳುತ್ತಾಳೆ:

“ಕೋಳಿ ಬಗಲಾಗ ಇಟ್ಕೊಂಡು ಬಸ್ ಹತ್ಲಾಕ ಬರ್ತದೇನ್ರಿ? ತಿರುಗಿ ಬಂದಾಗ ಅಂಗಳದಾಗ ನಾಕು ಮರಿ ಓಡ್ಯಾಡಿದ್ರ, ಅದು ಮನಿ ಅನಸ್ತದ.”

ತತ್ತಿಯನ್ನು ನೀರಿಗೆ ಬಿಟ್ಟು ನೋಡುತ್ತಾಳೆ. ತಳದಲ್ಲಿ ಮಲಗಿದರೆ ಹೊಸತು, ತೇಲಿದರೆ ಹಳತು. ವಾರ ಕಳೆದ ಮೇಲೆ ತಗಡಿನ ತೂತಿಂದ ಬೀಳುವ ಬಿಸಿಲಿಗೆ ಹಿಡಿದರೆ, ಜೀವ ಕೂಡಿದ್ದರಲ್ಲಿ ಕೆಂಪು ನರ ಕಾಣುತ್ತದೆ. ತತ್ತಿ ಹೊರಳಿಸುವುದು ಕೋಳಿಯ ಕೆಲಸ. ಝಳ ತಾಗದಂತೆ ಬುಟ್ಟಿಗೆ ಒದ್ದೆ ಗೋಣಿ ಸುತ್ತುವುದು ಆಕೆಯದು. ಇಪ್ಪತ್ತೊಂದು ದಿನ ಹೀಗೆ.

ಈ ಸಲ ಕಾವಿಗೆ ಕೂತದ್ದು ಒಂದೇ ಕೋಳಿ. ಹೈದರಾಬಾದಿಗೆ ಹೋದ ಕೌಸಲ್ಯಾಬಾಯಿಯ ಐದು ತತ್ತಿಗೆ ಮಸಿಯ ಗೀಟು, ಬೀದರಿಗೆ ಹೋದ ಸಖುಬಾಯಿಯ ಐದಕ್ಕೆ ಸೊನ್ನೆ. ಬಿಸಿಲಿಗೆ ಒಂಬತ್ತು ಕೆಟ್ಟವು. ಮರಿ ಒಂದೇ ಹೊರಬಂತು. ಅದರ ಚಿಪ್ಪಿನ ಮೇಲೆ ಗುರುತು ಮಾಸಿದ್ದರೂ ತಿಳಿಯುವಂತಿತ್ತು.

“ತಲಿ ಕೆಟ್ಟು ಕೆರಾ ಹಿಡದದ್ರಿ. ಒಬ್ಬಾಕಿಗೆ ಕೊಟ್ರ ಇನ್ನೊಬ್ಬಾಕಿ ಉಡಿ ಖಾಲಿ. ಮುರದು ಕೊಡಲಾಕ ಅದೇನು ರೊಟ್ಟಿಯೇನು?” ಎನ್ನುತ್ತಾಳೆ. ಚಿಪ್ಪನ್ನು ಗೋಡೆಯ ಗೂಡಿನಲ್ಲಿಡುತ್ತಾಳೆ, ತೆಗೆದು ನೋಡುತ್ತಾಳೆ, ಮತ್ತೆ ಇಡುತ್ತಾಳೆ.

ಮಿರಗ, ಅಂದರೆ ಮೃಗಶಿರಾ ಮಳೆಯ ಆಸೆಗೆ ಇಬ್ಬರೂ ಊರಿಗೆ ಮರಳುತ್ತಾರೆ. ನೆಟ್ಟಗೆ ಬಂದು ನಿಲ್ಲುವುದು ಇದೇ ಅಂಗಳಕ್ಕೆ.

“ನಡಿಗಿ ನೋಡ್ರಿ, ನಮ್ಮ ಕೋಳಿದೇ,” ಎನ್ನುತ್ತಾಳೆ ಕೌಸಲ್ಯಾಬಾಯಿ.

“ಹೌದವ್ವ, ನಿಮ್ಮ ಕೋಳಿ ಕುಂಟತಿತ್ತು,” ಸಖುಬಾಯಿ ಬಿಡುವುದಿಲ್ಲ. ಶೇವಂತಾಬಾಯಿಯ ಕಡೆ ತಿರುಗುತ್ತಾಳೆ. “ಮಾವಶಿ, ಗುರ್ತು ನೋಡೀರಿಲ್ಲ?”

“ನೋಡೀನಿ. ಹೇಳಂಗಿಲ್ಲ. ಮರಿ ಇಲ್ಲೇ ಇರ್ಲಿ. ಅದು ಇಟ್ಟ ತತ್ತಿ ಇಬ್ರಿಗೂ ಸಮ.”

“ಹುಂಜ ಆದ್ರ?”

“ಆದ್ರ ಇಬ್ರನ್ನೂ ನಸಿಕಿನ್ಯಾಗ ಎಬ್ಬಸ್ತದ!”

ನಗು ತಡೆಯಲಾಗದೆ ಇಬ್ಬರೂ ಹೋಗುತ್ತಾರೆ, ಮರಿ ತಂತಮ್ಮದೇ ಎಂಬ ನಂಬಿಕೆಯಲ್ಲಿ.

ಶೇವಂತಾಬಾಯಿ ಚಿಪ್ಪು ತೆಗೆದು ಒರಳಿಗೆ ಹಾಕಿ ಕುಟ್ಟುತ್ತಾಳೆ. ಚಿಪ್ಪಿನ ಪುಡಿ ತಿಂದ ಕೋಳಿ ಗಟ್ಟಿ ಚಿಪ್ಪಿನ ತತ್ತಿ ಇಡುತ್ತದೆ. ಮಸಿ ಪುಡಿಯೊಳಗೆ ಬೆರೆತುಹೋಗುತ್ತದೆ. ಅದನ್ನು ಚುಕ್ಕಿ ಕೋಳಿಯ ಮುಂದೆ ಚೆಲ್ಲುತ್ತಾಳೆ.

“ಗೀಟೋ ಸೊನ್ನಿಯೋ? ನನಗರ ಹೇಳು,” ಎನ್ನುತ್ತಾನೆ ಗಂಡ ಬಕ್ಕಪ್ಪ.

“ಕೋಳಿಗಿ ಕೇಳ್ರಿ. ತಿಂದಿದ್ದು ಅದು.”

ಗಂಡನಿಗೂ ಹೇಳುವುದಿಲ್ಲವೆಂದು ಆಕೆ ನಿಶ್ಚಯಿಸಿಯಾಗಿದೆ.